ಸಾವನ್ನು ಮೀರುವ ಭರವಸೆ: ನಂಬಿಕೆಯನ್ನು ಏನು ಕೇಳಬೇಕು, ವಿಜ್ಞಾನವನ್ನು ಏನು ಕೇಳಬೇಕು

ಸಾವನ್ನು ಗೆಲ್ಲಬೇಕು ಎಂದು ಐದು ಜನ ಹೇಳಿದರೆ ಐವರೂ ಕೇಳುತ್ತಿರುವುದು ಒಂದನ್ನೇ ಅಲ್ಲ. ಒಬ್ಬರಿಗೆ ಇನ್ನೊಂದು ಹತ್ತು ವರ್ಷ ಬೇಕು. ಇನ್ನೊಬ್ಬರಿಗೆ ದೇಹ ಹೋದಮೇಲೂ ತಾನು ಉಳಿಯಬೇಕು. ಮತ್ತೊಬ್ಬರಿಗೆ ತೀರಿಹೋದ ಮಗುವನ್ನು ಎಲ್ಲಾದರೂ ಒಮ್ಮೆ ಕಾಣಬೇಕು. ಮಗದೊಬ್ಬರಿಗೆ ಸಾವಿನ ಯೋಚನೆಯಿಂದ ನಡುರಾತ್ರಿ ಎಚ್ಚರವಾಗುವುದು ನಿಂತರೆ ಸಾಕು. ಕೊನೆಯವರು ಬಯಸುವುದು ನೋವಿಲ್ಲದೆ, ತನ್ನವರ ನಡುವೆ ಕಣ್ಣು ಮುಚ್ಚುವುದನ್ನು. ಧರ್ಮವೋ ವಿಜ್ಞಾನವೋ ಎಂಬ ವಾದ ಮುಗಿಯದಿರುವುದಕ್ಕೆ ದೊಡ್ಡ ಕಾರಣ ಇದೇ: ಒಬ್ಬರು ಮೊದಲನೆಯದನ್ನು ಮನಸ್ಸಿನಲ್ಲಿಟ್ಟು ಕೇಳಿದರೆ, ಎದುರಿನವರು ಮೂರನೆಯದನ್ನು ಹಿಡಿದು ಉತ್ತರ ಕೊಡುತ್ತಿರುತ್ತಾರೆ.

ಆದ್ದರಿಂದ ಈ ಐದರಲ್ಲಿ ನಿಮಗೆ ಬೇಕಾದದ್ದು ಯಾವುದು ಎಂದು ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎರಡು ಬೇಕಿದ್ದರೆ ಎರಡನ್ನೂ ಬರೆಯಿರಿ, ಯಾವುದು ಮೊದಲು ಎಂಬ ಅಂಕಿಯನ್ನೂ ಹಾಕಿ. ಮುಂದಿನ ಹೋಲಿಕೆ ಆ ಹಾಳೆ ಕೈಯಲ್ಲಿದ್ದರೆ ಮಾತ್ರ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ತಿದ್ದುಪಡಿಯೂ ಬೇಕು. ನಮ್ಮ ಮುಂದಿರುವ ಆಯ್ಕೆಗಳು ಎರಡಲ್ಲ, ಮೂರು. ಒಂದು, ಧಾರ್ಮಿಕ ನಂಬಿಕೆ. ಎರಡು, ಇವತ್ತು ಕೈಗೆ ಸಿಗುವ ವೈದ್ಯಕೀಯ. ಮೂರು, ಮುಂದೆಂದೋ ಬರಲಿದೆ ಎನ್ನುವ ವಿಜ್ಞಾನ: ದೇಹವನ್ನು ಹೆಪ್ಪುಗಟ್ಟಿಸಿ ಇಡುವುದು, ಮುಪ್ಪನ್ನು ಹಿಂದಕ್ಕೆ ತಿರುಗಿಸುವುದು, ಮನಸ್ಸನ್ನು ಕಂಪ್ಯೂಟರಿಗೆ ಇಳಿಸುವುದು. ಎರಡನೆಯದು ಗಳಿಸಿದ ಮರ್ಯಾದೆಯನ್ನು ಮೂರನೆಯದು ಸಾಲವಾಗಿ ಪಡೆದು ಓಡಾಡುತ್ತಿದೆ. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿದಲ್ಲೇ ಹೆಚ್ಚಿನವರು ಎಡವುತ್ತಾರೆ.

ಕೈಗೆ ಸಿಗುವ ವೈದ್ಯಕೀಯ: ಮುಂದೂಡುವ ಕೆಲಸದಲ್ಲಿ ಇದಕ್ಕೆ ಸಮಾನವಿಲ್ಲ

1900ರ ಸುಮಾರಿಗೆ ಜಗತ್ತಿನ ಸರಾಸರಿ ಆಯಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಈಗ 73 ದಾಟಿದೆ. ಸಿಡುಬು ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಘೋಷಿಸಿತು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಲೆನಾರ್ಡ್ ಥಾಂಪ್ಸನ್‌ಗೆ ಇನ್ಸುಲಿನ್ ಚುಚ್ಚುವ ತನಕ ಮಕ್ಕಳ ಮಧುಮೇಹ ಎಂದರೆ ಸಾವೇ ಆಗಿತ್ತು. 1990ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 93 ಮಕ್ಕಳು ಐದು ತುಂಬುವ ಮೊದಲೇ ಹೋಗುತ್ತಿದ್ದರು; 2022ಕ್ಕೆ ಅದು 37ಕ್ಕೆ ಇಳಿಯಿತು. ಸಾವಿನ ವಿರುದ್ಧ ಮನುಷ್ಯ ಗೆದ್ದಿದ್ದಾನೆ ಎನ್ನಬಹುದಾದ ಜಾಗ ಒಂದಿದ್ದರೆ ಅದು ಈ ಅಂಕಿಗಳಲ್ಲಿದೆ, ಮತ್ತು ಆ ಗೆಲುವು ಬಂದದ್ದು ಲಸಿಕೆ, ಶುದ್ಧ ನೀರು, ಆ್ಯಂಟಿಬಯಾಟಿಕ್, ಸುರಕ್ಷಿತ ಹೆರಿಗೆಗಳಿಂದ.

ಆದರೆ ಈ ಅಂಕಿಯನ್ನು ತಪ್ಪಾಗಿ ಓದುವವರು ಬಹಳ. ಸರಾಸರಿ ಏರಿದ್ದು ಮುಖ್ಯವಾಗಿ ಮಕ್ಕಳು ಉಳಿದದ್ದರಿಂದ. ಮನುಷ್ಯ ಬದುಕಬಹುದಾದ ಗರಿಷ್ಠ ವಯಸ್ಸು ಅಷ್ಟಾಗಿ ಮಿಸುಕಿಲ್ಲ: ದಾಖಲೆ ಇರುವವರಲ್ಲಿ ಅತಿ ಹೆಚ್ಚು ಬದುಕಿದ ಫ್ರಾನ್ಸಿನ ಜಾನ್ ಕಾಲ್ಮಾಂ 122 ವರ್ಷ 164 ದಿನಕ್ಕೆ 1997ರಲ್ಲಿ ತೀರಿಕೊಂಡರು, ಆ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ. ಇದರ ಹಿಂದಿರುವ ನಿಯಮವನ್ನು ಬ್ರಿಟನ್ನಿನ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಜ್ 1825ರಲ್ಲೇ ಗುರುತಿಸಿದ್ದರು. ಪ್ರಾಯಕ್ಕೆ ಬಂದ ಮೇಲೆ ಸಾಯುವ ಅಪಾಯ ಹೆಚ್ಚುಕಡಿಮೆ ಪ್ರತಿ ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಹೀಗಾಗಿ ಒಂದು ರೋಗವನ್ನು ಪೂರ್ತಿ ಅಳಿಸಿದರೂ ಸರದಿಯಲ್ಲಿ ನಿಂತ ಮುಂದಿನ ರೋಗ ಮುಂದೆ ಬರುತ್ತದೆ. ಎಲ್ಲ ಬಗೆಯ ಕ್ಯಾನ್ಸರನ್ನೂ ಇಲ್ಲವಾಗಿಸಿದರೂ ಸರಾಸರಿ ಆಯಸ್ಸಿಗೆ ಸೇರುವುದು ಸುಮಾರು ಮೂರು ವರ್ಷ ಎಂಬುದು ಜನಸಂಖ್ಯಾ ತಜ್ಞರ ಲೆಕ್ಕ.

ಈ ಮೂರು ವರ್ಷದ ಪಕ್ಕದಲ್ಲಿ ಇನ್ನೊಂದು ಅಂಕಿ ಇಟ್ಟು ನೋಡಿ. ಬ್ರಿಟನ್ನಿನ ವೈದ್ಯರನ್ನು ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನದ ಪ್ರಕಾರ ಬಿಡದೆ ಸಿಗರೇಟು ಸೇದುವವರು ಸರಾಸರಿ ಹತ್ತು ವರ್ಷ ಕಳೆದುಕೊಳ್ಳುತ್ತಾರೆ. 60ರಲ್ಲಿ ಬಿಟ್ಟರೆ ಮೂರು ವರ್ಷ ವಾಪಸು ಸಿಗುತ್ತದೆ, 50ರಲ್ಲಿ ಬಿಟ್ಟರೆ ಆರು, 40ರಲ್ಲಾದರೆ ಒಂಬತ್ತು, 30ರಲ್ಲಿ ಬಿಟ್ಟರೆ ಹೆಚ್ಚುಕಡಿಮೆ ಪೂರ್ತಿ. ಆಯಸ್ಸು ಹೆಚ್ಚಿಸುವ ಗುಳಿಗೆಯ ಸುದ್ದಿ ಹುಡುಕುತ್ತಾ ಕೂತ ಅರವತ್ತರ ಧೂಮಪಾನಿಗೆ ಸಿಗರೇಟು ಬಿಡುವುದಕ್ಕಿಂತ ದೊಡ್ಡ ಔಷಧ ಇವತ್ತು ಯಾರ ಬಳಿಯೂ ಇಲ್ಲ.

ಸಾವಿನ ಗೆರೆಯನ್ನೂ ವಿಜ್ಞಾನ ಸ್ವಲ್ಪ ಸರಿಸಿದೆ. ಎದೆ ಸೀಳದೆ, ಹೊರಗಿನಿಂದಲೇ ಒತ್ತಿ ಹೃದಯಕ್ಕೆ ಮರುಚಾಲನೆ ಕೊಡುವ ವಿಧಾನ 1960ರಲ್ಲಿ ಪ್ರಕಟವಾಯಿತು. 1967ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಒಬ್ಬರ ಹೃದಯ ಇನ್ನೊಬ್ಬರ ಎದೆಯಲ್ಲಿ ಬಡಿಯಿತು. 1968ರಲ್ಲಿ ಹಾರ್ವರ್ಡ್‌ನ ಸಮಿತಿಯೊಂದು ಮಿದುಳಿನ ಸಾವಿಗೆ ಲಕ್ಷಣಗಳನ್ನು ನಿಗದಿಮಾಡಿತು. ಹೃದಯ ನಿಂತದ್ದೇ ಸಾವು ಎನ್ನುವ ಕಾಲ ಅಲ್ಲಿಗೆ ಮುಗಿಯಿತು. ಈ ಭರವಸೆಯಲ್ಲಿ ನಿಮ್ಮ ಕೈಯ ಪಾಲೂ ಇದೆ. ದೊಡ್ಡವರು ಕುಸಿದುಬಿದ್ದು ಸ್ಪಂದಿಸದಿದ್ದರೆ, ಸರಿಯಾಗಿ ಉಸಿರಾಡದಿದ್ದರೆ, ತುರ್ತು ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರಂತೆ, 5ರಿಂದ 6 ಸೆಂಟಿಮೀಟರ್ ಆಳ ಒತ್ತಬೇಕು. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ: ಪಕ್ಕೆಲುಬು ಮುರಿದೀತೆಂದು ಹೆದರಿ ಮೇಲೆ ಮೇಲೆ ಒತ್ತುವುದು, ಮತ್ತು ನಾಡಿ ನೋಡುತ್ತಾ ಮೊದಲ ನಿಮಿಷಗಳನ್ನು ಕಳೆಯುವುದು. ಏನೂ ಮಾಡದೆ ಹೋದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಇಷ್ಟೆಲ್ಲ ಮಾಡಿದರೂ ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಮನೆಗೆ ಮರಳುವವರು ಹತ್ತರಲ್ಲಿ ಒಬ್ಬರ ಸುಮಾರು. ಈ ಎರಡನ್ನೂ ಒಟ್ಟಿಗೆ ತಿಳಿದಿರಬೇಕು: ಒತ್ತುವುದರಿಂದ ಉಪಯೋಗವಿದೆ, ಆದರೆ ಅದು ಪವಾಡವಲ್ಲ.

ಬರಲಿರುವ ವಿಜ್ಞಾನ: ಇದನ್ನು ತೂಗುವ ತಕ್ಕಡಿ ಬೇರೆ

ಮುಪ್ಪಿನ ಸಂಶೋಧನೆ ಪೊಳ್ಳಲ್ಲ. 1993ರಲ್ಲಿ ಸಿಂಥಿಯಾ ಕೆನ್ಯನ್ ತಂಡ ಒಂದೇ ಒಂದು ಜೀನ್ ಬದಲಿಸಿ ಪುಟ್ಟ ದುಂಡುಹುಳವೊಂದರ ಆಯಸ್ಸನ್ನು ಎರಡು ಪಟ್ಟು ಮಾಡಿತು. 2009ರಲ್ಲಿ ರಾಪಮೈಸಿನ್ ಔಷಧವನ್ನು 600 ದಿನ ತುಂಬಿದ, ಅಂದರೆ ಆಗಲೇ ಮುಪ್ಪಾದ ಇಲಿಗಳಿಗೆ ಕೊಟ್ಟಾಗ, ನೂರಕ್ಕೆ 90 ಇಲಿಗಳು ಸತ್ತಿರುವ ವಯಸ್ಸು ಹೆಣ್ಣಿಲಿಗಳಲ್ಲಿ ಶೇ. 14ರಷ್ಟು, ಗಂಡಿಲಿಗಳಲ್ಲಿ ಶೇ. 9ರಷ್ಟು ಮುಂದೆ ಹೋಯಿತು. ಇದು ಮೂರು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಟ್ಟಿಗೆ ನಡೆದ ಪ್ರಯೋಗ, ಗಟ್ಟಿ ಫಲಿತಾಂಶ. ಆದರೆ ಅದೇ ರಾಪಮೈಸಿನ್ ಮನುಷ್ಯರಲ್ಲಿ ಮುಖ್ಯವಾಗಿ ಬಳಕೆಯಲ್ಲಿರುವುದು ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕಲು. ಇಲಿಯ ಪಂಜರದಲ್ಲಿ ಸೋಂಕು ಕಡಿಮೆ. ಮನುಷ್ಯರ ಮನೆಯಲ್ಲಿ ಹಾಗಲ್ಲ.

ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ಜಾರುತ್ತದೆ ಎಂಬುದಕ್ಕೆ ಕಡಿಮೆ ತಿನ್ನುವ ಪ್ರಯೋಗವೇ ಸಾಕ್ಷಿ. ಕಡಿಮೆ ಆಹಾರ ಕೊಟ್ಟ ಇಲಿಗಳು ಹೆಚ್ಚು ಬದುಕುತ್ತವೆಂದು 1935ರಿಂದಲೇ ಗೊತ್ತು. ಮಂಗಗಳಲ್ಲಿ ನಡೆದ ಎರಡು ದೀರ್ಘ ಅಧ್ಯಯನಗಳಲ್ಲಿ ಒಂದು, 2009ರಲ್ಲಿ, ಲಾಭವಿದೆ ಎಂದಿತು. ಇನ್ನೊಂದು, 2012ರಲ್ಲಿ, ಆಯಸ್ಸು ಹೆಚ್ಚಲಿಲ್ಲ ಎಂದಿತು. ಹೋಲಿಕೆಗೆ ಇಟ್ಟ ಮಂಗಗಳಿಗೆ ಕೊಟ್ಟ ಆಹಾರ ಎಷ್ಟು, ಎಂಥದು ಎಂಬುದೇ ಫಲಿತಾಂಶವನ್ನು ತಿರುಗಿಸಿತ್ತು. ಮನುಷ್ಯರಲ್ಲಿ ಎರಡು ವರ್ಷ ನಡೆದ ಪ್ರಯೋಗದಲ್ಲಿ ಶೇ. 25ರಷ್ಟು ಕ್ಯಾಲೊರಿ ಇಳಿಸುವ ಗುರಿ ಇಟ್ಟಿದ್ದರೂ, ಎಲ್ಲ ಸಹಾಯ ಸಿಕ್ಕಿಯೂ, ಜನ ಇಳಿಸಿದ್ದು ಶೇ. 12ರಷ್ಟು.

ಜೀವಕೋಶವನ್ನು ಮತ್ತೆ ಎಳೆಯದಾಗಿಸುವ ದಾರಿಯನ್ನು ಶಿನ್ಯಾ ಯಮನಾಕಾ 2006ರಲ್ಲಿ ನಾಲ್ಕು ಜೀನ್‌ಗಳಿಂದ ತೋರಿಸಿದರು, 2012ರಲ್ಲಿ ನೊಬೆಲ್ ಪಡೆದರು. ತೊಡಕು ಅಲ್ಲೇ ಇದೆ: ಆ ನಾಲ್ಕರಲ್ಲಿ ಒಂದು ಕ್ಯಾನ್ಸರಿಗೂ ಕಾರಣವಾಗುವ ಜೀನ್. ಬದುಕಿರುವ ಇಲಿಯಲ್ಲಿ ಅವನ್ನು ಬಿಡದೆ ಚಾಲೂ ಇಟ್ಟರೆ ಗಡ್ಡೆಗಳು ಬೆಳೆಯುತ್ತವೆ. ಸ್ವಲ್ಪ ಹೊತ್ತು ಹಚ್ಚಿ ಆರಿಸುವ ಕ್ರಮ 2016ರಲ್ಲಿ ಬೇಗ ಮುಪ್ಪಾಗುವ ರೋಗವಿರುವ ಇಲಿಗಳಲ್ಲಿ ಫಲ ಕೊಟ್ಟಿತು. ಆರೋಗ್ಯವಂತ ಮನುಷ್ಯನ ಇಡೀ ದೇಹಕ್ಕೆ ಇದನ್ನು ತರುವುದಕ್ಕೂ ಆ ಇಲಿಗೂ ನಡುವೆ ಬಹಳ ದೂರವಿದೆ.

ಹೆಪ್ಪುಗಟ್ಟಿಸಿಡುವ ವಿಷಯಕ್ಕೆ ಬನ್ನಿ. ಮೊದಲ ದೇಹ ಜೇಮ್ಸ್ ಬೆಡ್‌ಫರ್ಡ್ ಎಂಬ ಪ್ರಾಧ್ಯಾಪಕರದು, 1967ರ ಜನವರಿ 12ರಂದು. ಅದು ಇಂದಿಗೂ ಹಾಗೇ ಇದೆ. ಕ್ರಮ ಹೀಗೆ: ಕಾನೂನುಬದ್ಧವಾಗಿ ಮೃತರೆಂದು ಘೋಷಿಸಿದ ತಕ್ಷಣ ಮಂಜುಗಡ್ಡೆಯ ನೀರಿನಲ್ಲಿ ತಣಿಸಿ, ಯಂತ್ರದಿಂದ ರಕ್ತ ಹರಿಯುವಂತೆ ಮಾಡಿ, ಆಮೇಲೆ ರಕ್ತವನ್ನು ತೆಗೆದು ಹಿಮನಿರೋಧಕ ದ್ರಾವಣ ತುಂಬಿಸಿ, ಮೆಲ್ಲಗೆ ಇಳಿಸುತ್ತಾ ದ್ರವ ಸಾರಜನಕದ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ಗೆ ತರುವುದು. ಕೆಡುವ ಜಾಗಗಳು ಹಲವು. ಸಾವು ಘೋಷಣೆಯಾಗಲು ತಡವಾದರೆ ಮಿದುಳು ಅಷ್ಟರಲ್ಲೇ ಹಾಳಾಗಿರುತ್ತದೆ. ದ್ರಾವಣ ತಲುಪದ ಕಡೆ ಹಿಮದ ಹರಳು ಕೋಶಗಳನ್ನು ಸೀಳುತ್ತದೆ. ತಲುಪಿದ ಕಡೆ ದ್ರಾವಣವೇ ವಿಷ. ದ್ರಾವಣದಿಂದಾಗಿ ಹಿಮಗಟ್ಟದೆ ಗಾಜಿನಂತಾದ ಅಂಗಾಂಶ ಇನ್ನೂ ತಣಿದಾಗ ಬಿರುಕು ಬಿಡುತ್ತದೆ. ಕೊನೆಗೆ ಹಣ: ಕ್ಯಾಲಿಫೋರ್ನಿಯಾದ ಚ್ಯಾಟ್ಸ್‌ವರ್ತ್ ಸ್ಮಶಾನದಲ್ಲಿ ಇಟ್ಟಿದ್ದ ದೇಹಗಳು 1970ರ ದಶಕದಲ್ಲಿ ಸಾರಜನಕ ತುಂಬಲು ಹಣವಿಲ್ಲದೆ ಕರಗಿ ಕೊಳೆತವು. ಸಾಧನೆಯ ಕಡೆ ಏನಿದೆ? 2023ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದವರು ನೂರು ದಿನಗಳವರೆಗೆ ಹೀಗೆ ಇಟ್ಟಿದ್ದ ಇಲಿಯ ಮೂತ್ರಪಿಂಡಗಳನ್ನು ಬೆಚ್ಚಗಾಗಿಸಿ ಕಸಿ ಮಾಡಿದರು, ಅವು ಕೆಲಸ ಮಾಡಿದವು. ಅಂಗ ಕಸಿಗೆ ಇದು ದೊಡ್ಡ ಸುದ್ದಿ. ಆದರೆ ಮೂತ್ರಪಿಂಡಕ್ಕೆ ನೆನಪುಗಳಿಲ್ಲ. ಹಾಗೆ ಇಟ್ಟ ಮನುಷ್ಯರಲ್ಲಿ ಒಬ್ಬರೂ ಎದ್ದಿಲ್ಲ.

ಮನಸ್ಸನ್ನು ಕಂಪ್ಯೂಟರಿಗೆ ಇಳಿಸುವ ಮಾತಿಗೆ ಮೂರು ಅಂಕಿ ಸಾಕು. ಮೇಲೆ ಹೇಳಿದ ದುಂಡುಹುಳಕ್ಕಿರುವ 302 ನರಕೋಶಗಳ ನಕ್ಷೆ 1986ರಲ್ಲೇ ಬಂತು, ಆದರೂ ಆ ಹುಳದ ನಡವಳಿಕೆಯನ್ನು ಕಂಪ್ಯೂಟರಿನಲ್ಲಿ ಪೂರ್ತಿಯಾಗಿ ಮರುಸೃಷ್ಟಿಸಲು ಆಗಿಲ್ಲ. ಹಣ್ಣಿನ ನೊಣದ ಸುಮಾರು 1,40,000 ನರಕೋಶಗಳ ನಕ್ಷೆ ಪೂರ್ಣವಾದದ್ದು 2024ರಲ್ಲಿ. ಮನುಷ್ಯನಲ್ಲಿ ಅವು ಸುಮಾರು 8,600 ಕೋಟಿ. ಅದೂ ಆಯಿತೆನ್ನಿ, ನಕಲು ಎಚ್ಚರಗೊಂಡಾಗ ಸತ್ತವರು ಎಚ್ಚರಗೊಂಡಂತಾಯಿತೇ ಎಂಬ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಹೇಳಲಾರದು.

ಹಾಗಾಗಿ ಈ ಮೂರನೆಯ ಆಯ್ಕೆ ವಿಜ್ಞಾನದ ಭಾಷೆಯಲ್ಲಿ ಮಾತಾಡಿದರೂ ನಂಬಿಕೆಯ ಸಾಲಿಗೇ ಸೇರುತ್ತದೆ. ಕಾಣದ್ದನ್ನು ನಂಬಿ, ಬದುಕಿನ ಸಂಪಾದನೆಯ ಪಾಲನ್ನು ಅದಕ್ಕೆ ಒಪ್ಪಿಸಿ, ಎಚ್ಚರಗೊಳಿಸುವವರು ಮುಂದೊಂದು ದಿನ ಬರುತ್ತಾರೆಂದು ಕಾಯುವುದು. ಅದು ತಪ್ಪೆಂದು ಹೇಳುತ್ತಿಲ್ಲ. ಯಾವ ಅಂಗಡಿಯಲ್ಲಿ ಏನು ಕೊಳ್ಳುತ್ತಿದ್ದೇವೆ ಎಂದು ತಿಳಿದು ಕೊಳ್ಳಬೇಕು, ಅಷ್ಟೆ.

ಆಯಸ್ಸು ಹೆಚ್ಚಿಸುವ ಯಾವುದೇ ಸುದ್ದಿ ಬಂದಾಗ ಕೇಳಬೇಕಾದ್ದು: ಪ್ರಯೋಗ ಯಾವ ಜೀವಿಯ ಮೇಲೆ ಆಗಿದೆ? ಮನುಷ್ಯರಾದರೆ, ಚೀಟಿ ಎತ್ತಿದ ಹಾಗೆ ಗುಂಪುಗಳನ್ನು ವಿಂಗಡಿಸಿದ್ದರೇ? ಅಳೆದದ್ದು ಬದುಕಿದ ವರ್ಷಗಳನ್ನೋ, ರಕ್ತದಲ್ಲಿನ ಯಾವುದೋ ಸೂಚಕವನ್ನೋ? ಬೇರೆ ಪ್ರಯೋಗಾಲಯದಲ್ಲಿ ಅದೇ ಫಲಿತಾಂಶ ಬಂತೇ? ಹೇಳುತ್ತಿರುವವರೇ ಅದನ್ನು ಮಾರುತ್ತಿದ್ದಾರೆಯೇ? ಎಳೆಯರ ರಕ್ತದ ಪ್ಲಾಸ್ಮಾ ಏರಿಸಿಕೊಂಡರೆ ಮುಪ್ಪು ಹಿಂದೆ ಸರಿಯುತ್ತದೆಂದು ಮಾರಾಟ ಶುರುವಾದಾಗ, ಅದರಿಂದ ಸಾಬೀತಾದ ಲಾಭವಿಲ್ಲ, ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಫೆಬ್ರುವರಿಯಲ್ಲಿ ಎಚ್ಚರಿಸಬೇಕಾಯಿತು. ಕೊನೆಯ ಪ್ರಶ್ನೆ ಒಂದನ್ನೇ ಕೇಳಿದ್ದರೂ ಹಲವರು ಉಳಿದುಕೊಳ್ಳುತ್ತಿದ್ದರು.

ನಂಬಿಕೆ: ಎಲ್ಲ ಧರ್ಮಗಳೂ ಒಂದನ್ನೇ ಕೊಡುವುದಿಲ್ಲ

ಸತ್ತ ಮೇಲೂ ಬದುಕಿದೆ ಎಂದು ಎಲ್ಲ ಧರ್ಮಗಳೂ ಹೇಳುತ್ತವೆ ಎಂಬುದು ಅವಸರದ ಮಾತು. ಕ್ರೈಸ್ತರ ಮತ್ತು ಮುಸ್ಲಿಮರ ಮುಖ್ಯ ನಂಬಿಕೆ ಪುನರುತ್ಥಾನ: ಈ ವ್ಯಕ್ತಿಯೇ, ಹೆಸರು ಗುರುತು ಸಮೇತ, ಮತ್ತೆ ಏಳುತ್ತಾನೆ, ದೇವರ ಮುಂದೆ ನಿಲ್ಲುತ್ತಾನೆ. ಯಹೂದಿ ಪರಂಪರೆಯಲ್ಲಿ ಮಧ್ಯಯುಗದ ಪಂಡಿತ ಮೈಮೊನೈಡೀಸ್ ಪಟ್ಟಿ ಮಾಡಿದ ಹದಿಮೂರು ತತ್ವಗಳಲ್ಲಿ ಕೊನೆಯದೂ ಅದೇ. ಹಿಂದೂ ದರ್ಶನಗಳಲ್ಲಿ ಉಳಿಯುವುದು ಆತ್ಮ. ಹಳೆ ಬಟ್ಟೆ ಕಳಚಿ ಹೊಸದನ್ನು ಉಟ್ಟಂತೆ ಅದು ದೇಹ ಬದಲಿಸುತ್ತದೆ ಎನ್ನುವುದು ಗೀತೆಯ ಎರಡನೆಯ ಅಧ್ಯಾಯ. ಆದರೆ ಅಲ್ಲಿ ಗುರಿ ಮತ್ತೆ ಮತ್ತೆ ಹುಟ್ಟುವುದಲ್ಲ, ಆ ಸರಪಳಿಯಿಂದ ಬಿಡುಗಡೆ. ಬುದ್ಧನ ಬೋಧನೆಯಲ್ಲಂತೂ ಉಳಿಯಬೇಕಾದ ಸ್ಥಿರವಾದ 'ನಾನು' ಎಂಬುದೇ ಇಲ್ಲ. ಸಾವಿಲ್ಲದ ಸ್ಥಿತಿ ಎಂದು ಕರೆಯುವುದು ನಿರ್ವಾಣವನ್ನು. ಜೈನರ ಸಿದ್ಧ ಜೀವ ಕರ್ಮವೆಲ್ಲ ಕಳೆದು, ದೇಹವಿಲ್ಲದೆ, ಲೋಕದ ತುದಿಯಲ್ಲಿ ನೆಲೆಸುತ್ತದೆ.

ಹಾಳೆಯನ್ನು ಈಗ ತೆಗೆಯಿರಿ. ತೀರಿಹೋದವರನ್ನು ಅವರಾಗಿಯೇ ಮತ್ತೆ ಕಾಣಬೇಕು ಎಂದು ಬರೆದಿದ್ದರೆ, ಪುನರುತ್ಥಾನದ ಪರಂಪರೆಗಳು ಅದಕ್ಕೆ ನೇರವಾಗಿ ಉತ್ತರಿಸುತ್ತವೆ. ಪುನರ್ಜನ್ಮದ ನಂಬಿಕೆಯಲ್ಲಿ ಅವರು ಇನ್ನೆಲ್ಲೋ ಬೇರೆ ಯಾರೋ ಆಗಿ ಹುಟ್ಟಿರಬಹುದು. 'ನಾನು' ಎಂಬುದರ ಹಿಡಿತವೇ ನೋವಿನ ಮೂಲ ಎನಿಸಿದ್ದರೆ ಬುದ್ಧನ ದಾರಿ ಹೊಂದುತ್ತದೆ. ಇನ್ನೂ ಹತ್ತು ವರ್ಷ ಬೇಕು ಎಂದು ಬರೆದಿದ್ದರೆ, ಹೆಚ್ಚಿನ ಧರ್ಮಗಳು ಅದನ್ನು ದೊಡ್ಡ ವರವೆಂದು ಎಣಿಸುವುದೇ ಇಲ್ಲ. ಕಠೋಪನಿಷತ್ತಿನಲ್ಲಿ ಯಮ ಬೇಕಾದಷ್ಟು ಆಯಸ್ಸು ಕೊಡುತ್ತೇನೆಂದರೂ ನಚಿಕೇತ ಬೇಡವೆನ್ನುತ್ತಾನೆ. ಸತ್ತವನು ಇದ್ದಾನೋ ಇಲ್ಲವೋ ಅದನ್ನು ಹೇಳು ಎಂದು ಪಟ್ಟು ಹಿಡಿಯುತ್ತಾನೆ. ಸಾಸಿವೆ ಬೇಡಿ ಮನೆಮನೆ ಅಲೆದ ಕಿಸಾಗೋತಮಿಗೆ ಬುದ್ಧ ಮಗುವನ್ನು ಎಬ್ಬಿಸಿಕೊಡಲಿಲ್ಲ. ಸಾವಿಲ್ಲದ ಮನೆ ಇಲ್ಲವೆಂದು ಅವಳೇ ಕಂಡುಕೊಳ್ಳುವಂತೆ ಮಾಡಿದ.

ನಂಬಿಕೆ ಭಯವನ್ನು ಕಳೆಯುತ್ತದೆಯೇ? 2017ರಲ್ಲಿ ನೂರರಷ್ಟು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಸಿಕ್ಕ ಸಂಬಂಧ ದುರ್ಬಲ, ಗೊಂದಲಮಯ. ಕೆಲವು ಅಧ್ಯಯನಗಳಲ್ಲಿ ಕಂಡ ಒಂದು ವಿನ್ಯಾಸ ಮಾತ್ರ ಕುತೂಹಲಕರ: ಗಾಢವಾಗಿ ನಂಬುವವರಿಗೂ, ಖಚಿತವಾಗಿ ನಂಬದವರಿಗೂ ಭಯ ಕಡಿಮೆ, ನಡುವೆ ತೂಗಾಡುವವರಿಗೆ ಹೆಚ್ಚು. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸಂಶೋಧಕರನ್ನೇ ಚಕಿತಗೊಳಿಸಿತು. 'ನಾನು' ಇಲ್ಲವೆಂದು ಓದಿ, ಒಪ್ಪಿದ್ದ ಟಿಬೆಟಿನ ಸನ್ಯಾಸಿಗಳಲ್ಲಿ ತಾನು ಅಳಿದುಹೋಗುವ ಭಯ ಹಿಂದೂಗಳಿಗಿಂತ, ಕ್ರೈಸ್ತರಿಗಿಂತ ಹೆಚ್ಚಾಗಿತ್ತು. ಸಿದ್ಧಾಂತವನ್ನು ಒಪ್ಪುವುದು ಬೇರೆ, ಅದು ಮೈಗಿಳಿಯುವುದು ಬೇರೆ. ಭಯ ಕಳೆಯಲೆಂದು ಧರ್ಮದ ಕಡೆ ಹೋಗುವವರು ಪುಸ್ತಕದಲ್ಲಿ ನಿಲ್ಲದೆ ನಿತ್ಯದ ಅಭ್ಯಾಸಕ್ಕೂ, ಜೊತೆಗೆ ನಡೆಯುವ ಜನರಿಗೂ ಹೆಚ್ಚು ಬೆಲೆ ಕೊಡಬೇಕು. ಭಯ ನಿದ್ದೆ, ಕೆಲಸಗಳನ್ನೇ ಕೆಡಿಸುವಷ್ಟಿದ್ದರೆ ಮನೋಚಿಕಿತ್ಸೆಯೂ ಅದನ್ನು ಇಳಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಅದಕ್ಕೆ ಆಸ್ತಿಕರೋ ನಾಸ್ತಿಕರೋ ಎಂಬ ಭೇದವಿಲ್ಲ.

ನಂಬಿಕೆಗೆ ಪ್ರಯೋಗಾಲಯದ ಮೊಹರು ಹಾಕಿಸುವ ಹಂಬಲ ಮಾತ್ರ ಬಿಡಬೇಕು. ಆತ್ಮದ ತೂಕ 21 ಗ್ರಾಂ ಎಂಬ ಮಾತು ಡಂಕನ್ ಮ್ಯಾಕ್‌ಡೂಗಲ್ 1907ರಲ್ಲಿ ಪ್ರಕಟಿಸಿದ ಪ್ರಯೋಗದ್ದು. ತೂಗಿದ್ದು ಆರು ಜನರನ್ನು, ಆ ಅಂಕಿ ಬಂದದ್ದು ಒಬ್ಬರಲ್ಲಿ. 2006ರಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳ ಮೇಲೆ ನಡೆದ ಪ್ರಾರ್ಥನೆಯ ಪ್ರಯೋಗದಲ್ಲಿ, ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದವರಲ್ಲಿ ತೊಡಕುಗಳ ಪ್ರಮಾಣ ಪ್ರಾರ್ಥನೆ ಪಡೆದವರಿಗೆ ಶೇ. 52, ಪಡೆಯದವರಿಗೆ ಶೇ. 51, ಪ್ರಾರ್ಥನೆ ಖಂಡಿತ ಇದೆ ಎಂದು ತಿಳಿದವರಲ್ಲಿ ಶೇ. 59. ಸಾವಿನ ಅಂಚಿನ ಅನುಭವಗಳ ಬಗ್ಗೆ 2014ರಲ್ಲಿ ಬಂದ ಅಧ್ಯಯನ 2,060 ಹೃದಯಸ್ತಂಭನಗಳನ್ನು ನೋಡಿತು. ಬದುಕಿ ಮಾತಾಡಲು ಸಾಧ್ಯವಾದ 140 ಮಂದಿಯಲ್ಲಿ ಶೇ. 39ರಷ್ಟು ಜನ ಏನನ್ನೋ ಅನುಭವಿಸಿದ್ದೆವು ಎಂದರು. ಮೇಲಿನಿಂದ ಮಾತ್ರ ಕಾಣುವಂತೆ ಕೊಠಡಿಗಳಲ್ಲಿ ಇಟ್ಟಿದ್ದ ಚಿತ್ರವನ್ನು ಯಾರೂ ಗುರುತಿಸಲಿಲ್ಲ. ಆ ಅನುಭವಗಳು ಸುಳ್ಳಲ್ಲ, ಹಲವರ ಬದುಕನ್ನೇ ಅವು ಬದಲಿಸಿವೆ. ಆದರೆ ಹಿಂತಿರುಗಿ ಬಂದವರು ಹೇಳುವುದು ಸಾಯುವುದರ ಬಗ್ಗೆ, ಸತ್ತ ಮೇಲಿನದರ ಬಗ್ಗೆ ಅಲ್ಲ. ಪ್ರಯೋಗದ ಫಲಿತಾಂಶದ ಮೇಲೆ ನಿಂತ ನಂಬಿಕೆ ಮುಂದಿನ ಪ್ರಯೋಗಕ್ಕೆ ಕುಸಿಯುತ್ತದೆ.

ನಂಬಿಕೆಯಿಂದ ಈ ಬದುಕಿನಲ್ಲೇ ಸಿಗುವ ಲಾಭ ಸಣ್ಣದಲ್ಲ. 74,534 ಅಮೆರಿಕನ್ ದಾದಿಯರನ್ನು ಹದಿನಾರು ವರ್ಷ ಹಿಂಬಾಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪ್ರಾರ್ಥನಾ ಸಭೆಗೆ ಹೋಗುವವರಲ್ಲಿ ಸಾವಿನ ಪ್ರಮಾಣ ಎಂದೂ ಹೋಗದವರಿಗಿಂತ ಶೇ. 33ರಷ್ಟು ಕಡಿಮೆ ಇತ್ತು. ಒಂಟಿತನ ಕಡಿಮೆ, ಸಿಗರೇಟು ಕಡಿಮೆ, ಕಷ್ಟಕ್ಕೆ ಆಗುವ ಜನ ಹೆಚ್ಚು. ಇದು ವೀಕ್ಷಣೆಯ ಅಧ್ಯಯನ, ಸಭೆಗೆ ಹೋದದ್ದರಿಂದಲೇ ಆಯಸ್ಸು ಬಂತೆಂದು ಪ್ರಮಾಣ ಮಾಡಲಾಗದು.

ಕೇಡಿನ ಲೆಕ್ಕವನ್ನೂ ಮುಚ್ಚಿಡಬಾರದು. 1975ರಿಂದ 1995ರವರೆಗೆ ಅಮೆರಿಕದಲ್ಲಿ ಧಾರ್ಮಿಕ ಕಾರಣಕ್ಕೆ ಚಿಕಿತ್ಸೆ ಕೊಡಿಸದೆ ತೀರಿಕೊಂಡ 172 ಮಕ್ಕಳ ದಾಖಲೆಗಳನ್ನು 1998ರಲ್ಲಿ ಪರಿಶೀಲಿಸಿದಾಗ, 140 ಮಕ್ಕಳಿಗೆ ಇದ್ದದ್ದು ಚಿಕಿತ್ಸೆ ಸಿಕ್ಕಿದ್ದರೆ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿ ಬದುಕುವಂಥ ಕಾಯಿಲೆಗಳು. ಇನ್ನೊಂದು ಕೇಡು ಸದ್ದಿಲ್ಲದ್ದು: "ದೇವರು ನನ್ನ ಕೈಬಿಟ್ಟ", "ಇದು ನನ್ನ ಪಾಪದ ಫಲ" ಎಂದು ಒಳಗೇ ಕೊರಗುವುದು. 596 ಹಿರಿಯ ರೋಗಿಗಳನ್ನು ಎರಡು ವರ್ಷ ನೋಡಿದ 2001ರ ಅಧ್ಯಯನದಲ್ಲಿ ಹೀಗೆ ಕೊರಗುವವರಲ್ಲಿ ಸಾವು ಹೆಚ್ಚಿತ್ತು. ಹಾಸಿಗೆ ಹಿಡಿದವರ ಮುಂದೆ ಕರ್ಮದ ಮಾತೆತ್ತುವ ನೆಂಟರು ಇದನ್ನು ಓದಬೇಕು.

ಯಾವ ಹೊತ್ತಿಗೆ ಯಾವುದು

ವಾಸಿಯಾಗುವ ಕಾಯಿಲೆ ಎದುರಿಗಿದ್ದರೆ ಹೋಲಿಕೆಯೇ ಬೇಡ, ಚಿಕಿತ್ಸೆ ಮೊದಲು. ಪ್ರಾರ್ಥನೆ ಅದರ ಜೊತೆಗಿರಲಿ, ಅದರ ಬದಲಿಗೆ ಬೇಡ. ಹರಡದ, ಗುಣವಾಗಬಲ್ಲ ಕ್ಯಾನ್ಸರಿಗೆ ಬರೀ ಪರ್ಯಾಯ ಚಿಕಿತ್ಸೆ ಹಿಡಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಇತ್ತೆಂದು 2018ರ ಅಧ್ಯಯನ ತೋರಿಸಿತು. ಯಹೂದಿ ಧರ್ಮದಲ್ಲಿ ಜೀವ ಉಳಿಸುವುದಕ್ಕಾಗಿ ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನದ ಕಟ್ಟಳೆಯನ್ನೂ ಮುರಿಯಬೇಕು ಎಂಬ ನಿಯಮವಿದೆ. ನಿಮ್ಮ ಪರಂಪರೆಯಲ್ಲೂ ಇಂಥದ್ದು ಇದ್ದೇ ಇರುತ್ತದೆ, ಹುಡುಕಿಕೊಳ್ಳಿ.

ವಾಸಿಯಾಗದ ಕಾಯಿಲೆಯ ಘಟ್ಟ ಎಲ್ಲಕ್ಕಿಂತ ಕಷ್ಟದ್ದು. ಎರಡೂ ಬಗೆಯ ಭರವಸೆ ದಾರಿ ತಪ್ಪುವುದು ಇಲ್ಲೇ. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ ರೋಗಿಗಳಲ್ಲಿ ಶೇ. 69 ಮಂದಿ, ಕರುಳಿನ ಕ್ಯಾನ್ಸರಿನವರಲ್ಲಿ ಶೇ. 81 ಮಂದಿ, ಕೀಮೋಥೆರಪಿಯಿಂದ ಗುಣವಾಗುವ ಸಾಧ್ಯತೆ ಇಲ್ಲವೆಂಬುದನ್ನು ಅರ್ಥಮಾಡಿಕೊಂಡಿರಲಿಲ್ಲ ಎಂದು 2012ರ ಅಧ್ಯಯನವೊಂದು ಹೇಳಿತು. ಇದು ವಿಜ್ಞಾನದ ಮೇಲಿನ ಕುರುಡು ಭರವಸೆ. ಇನ್ನೊಂದು ಕಡೆ, 345 ಕ್ಯಾನ್ಸರ್ ರೋಗಿಗಳ 2009ರ ಅಧ್ಯಯನದಲ್ಲಿ ಧರ್ಮವನ್ನು ಗಟ್ಟಿಯಾಗಿ ಹಿಡಿದವರಲ್ಲಿ ಶೇ. 11.3 ಮಂದಿ ಕೊನೆಯ ವಾರದಲ್ಲಿ ವೆಂಟಿಲೇಟರ್ ಮೇಲಿದ್ದರು, ಉಳಿದವರಲ್ಲಿ ಶೇ. 3.6. ಪವಾಡಕ್ಕೆ ಸಮಯ ಕೊಡಬೇಕು ಎಂಬ ಭಾವ ಯಂತ್ರವನ್ನು ನಿಲ್ಲಿಸಲು ಬಿಡುವುದಿಲ್ಲ. ಪರಲೋಕವನ್ನು ನಂಬುವವರೇ ಇಹದ ಯಂತ್ರಕ್ಕೆ ಹೆಚ್ಚು ಅಂಟಿಕೊಂಡರು ಎಂಬುದು ನೋವಿನ ಸಂಗತಿ.

ಇಲ್ಲಿ ವೈದ್ಯರನ್ನು ಕೇಳಬೇಕಾದ್ದು ಹೀಗೆ. ಈ ಚಿಕಿತ್ಸೆಯ ಗುರಿ ಗುಣಪಡಿಸುವುದೋ, ದಿನ ಹೆಚ್ಚಿಸುವುದೋ, ನೋವು ಇಳಿಸುವುದೋ? ಚೆನ್ನಾಗಿ ನಡೆದರೆ ಏನಾಗುತ್ತದೆ, ಕೆಟ್ಟದಾಗಿ ನಡೆದರೆ ಏನಾಗುತ್ತದೆ, ಹೆಚ್ಚಾಗಿ ಆಗುವುದು ಏನು? ಮಾಡದೇ ಇದ್ದರೆ? ಐಸಿಯುಗೆ ಹೋಗಲೇಬೇಕಾದರೆ ಅವಧಿ ಕಟ್ಟಿದ ಪ್ರಯತ್ನಕ್ಕೆ ಒಪ್ಪಿಕೊಳ್ಳಿ: ಇಂತಿಷ್ಟು ದಿನ, ಇಂಥ ಸುಧಾರಣೆ ಕಂಡರೆ ಮುಂದುವರಿಕೆ, ಕಾಣದಿದ್ದರೆ ಯಂತ್ರದಿಂದ ನೆಮ್ಮದಿಯ ಆರೈಕೆಗೆ. ದಿನಾಂಕ ಮೊದಲೇ ಗೊತ್ತಾಗಿರಬೇಕು. ಇಲ್ಲದಿದ್ದರೆ ಮನೆಯವರು ಪ್ರತಿ ಬೆಳಿಗ್ಗೆ ಹೊಸದಾಗಿ ಅದೇ ನಿರ್ಧಾರದ ಭಾರ ಹೊರುತ್ತಾರೆ.

ಅಂಕಿಯನ್ನು ಓದುವ ಕ್ರಮವೂ ಭರವಸೆಗೆ ಸೇರಿದ್ದೇ. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್‌ಗೆ 1982ರಲ್ಲಿ, ರೋಗಿಗಳು ಬದುಕುವ ಅವಧಿಯ ಮಧ್ಯಾಂಕ ಎಂಟು ತಿಂಗಳಿರುವ ಕ್ಯಾನ್ಸರ್ ಬಂತು. ಮಧ್ಯಾಂಕ ಎಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆಂದೇ ಅರ್ಥ, ಆ ಅರ್ಧದಲ್ಲಿ ಕೆಲವರು ಬಹಳ ವರ್ಷ ಬದುಕಬಹುದು, ಅಂದರೆ ಅದರ ಬಾಲ ಬಹಳ ಉದ್ದವಿರಬಹುದು ಎಂದು ಅವರು ತೋರಿಸಿಕೊಟ್ಟರು. ಬದುಕಿದ್ದು ಇಪ್ಪತ್ತು ವರ್ಷ. 2002ರಲ್ಲಿ ಹೋದದ್ದು ಬೇರೆ ಕ್ಯಾನ್ಸರಿನಿಂದ. ಹಾಗೆಂದು ಬಾಲದ ತುದಿಯಲ್ಲೇ ಇರುತ್ತೇನೆಂದು ಲೆಕ್ಕ ಹಾಕಿ ಉಯಿಲು ಬರೆಯದೆ ಇರುವುದು ಅದೇ ಅಂಕಿಯನ್ನು ಉಲ್ಟಾ ಓದಿದಂತೆ.

ನೋವು, ಸಂಕಟಗಳನ್ನು ಇಳಿಸುವ ಉಪಶಮನ ಆರೈಕೆ ಎಂದರೆ ಕೈಚೆಲ್ಲುವುದು ಎಂದು ಆಸ್ತಿಕರೂ ಅಂದುಕೊಳ್ಳುತ್ತಾರೆ, ವಿಜ್ಞಾನವನ್ನು ನಂಬುವವರೂ ಅಂದುಕೊಳ್ಳುತ್ತಾರೆ. ಇಬ್ಬರದೂ ತಪ್ಪು. ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ರೋಗಿಗಳ 2010ರ ಪ್ರಯೋಗದಲ್ಲಿ, ಮೊದಲಿಂದಲೇ ಉಪಶಮನ ಆರೈಕೆಯೂ ಸಿಕ್ಕವರು ಬದುಕಿದ ಮಧ್ಯಾಂಕ ಅವಧಿ 11.6 ತಿಂಗಳು, ಸಿಗದವರದು 8.9 ತಿಂಗಳು. ಮನಸ್ಸೂ ಹಗುರಾಗಿತ್ತು, ಕೊನೆಗಾಲದ ಕಠಿಣ ಚಿಕಿತ್ಸೆಯೂ ಕಡಿಮೆ ಇತ್ತು. ಕಾಯಿಲೆ ಹರಡಿದೆ ಎಂದು ಗೊತ್ತಾದ ವಾರಗಳಲ್ಲೇ ಇದನ್ನು ಕೇಳಿ ಪಡೆಯಬೇಕು. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಅರ್ಧ ಲಾಭವೂ ಸಿಗದು.

ಸಾವು ಆಗಲೇ ಆಗಿಹೋಗಿದ್ದರೆ ವಿಜ್ಞಾನದ ಬಳಿ ಕೊಡಲು ಭರವಸೆ ಇಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ಮುಂದಿನ ನೂರು ವರ್ಷದ ಯಾವ ಆವಿಷ್ಕಾರವೂ ಆ ಮಗುವನ್ನು ತಂದುಕೊಡದು. ಸತ್ತ ಎಲ್ಲ ಪೂರ್ವಿಕರನ್ನೂ ವಿಜ್ಞಾನದಿಂದಲೇ ಮರಳಿ ಎಬ್ಬಿಸುವುದು ಮನುಕುಲದ ಕರ್ತವ್ಯ ಎಂದು ನಂಬಿದ್ದವರು ರಷ್ಯದ ನಿಕೊಲಾಯ್ ಫ್ಯೊದೊರೊವ್, 1903ರಲ್ಲಿ ತೀರಿಕೊಂಡ ಶ್ರದ್ಧಾವಂತ ಕ್ರೈಸ್ತ. ಆ ಹಂಬಲದ ದೊಡ್ಡತನಕ್ಕೆ ಕೈಮುಗಿಯಬಹುದು, ಅದಕ್ಕೆ ಕಾಯುತ್ತಾ ಕೂರಲಾಗದು. ನಂಬಿಕೆ ಇದ್ದವರು ಇಲ್ಲಿ ಅದನ್ನು ಪೂರ್ತಿ ಹಿಡಿಯಲಿ, ಯಾರಿಗೂ ಸಾಬೀತುಪಡಿಸುವ ಹಂಗಿಲ್ಲದೆ. ಇಲ್ಲದವರ ಮೇಲೆ ಅದನ್ನು ಹೇರಬಾರದು. ಅವರಿಗೂ ದಾರಿಗಳಿವೆ: ನಾನಿರುವಾಗ ಸಾವಿಲ್ಲ, ಸಾವಿರುವಾಗ ನಾನಿಲ್ಲ ಎಂಬ ಗ್ರೀಕ್ ತತ್ವಜ್ಞಾನಿ ಎಪಿಕ್ಯುರಸ್‌ನ ತರ್ಕ ಕೆಲವರಿಗೆ ತಮ್ಮ ಸಾವಿನ ಭಯ ಇಳಿಸುತ್ತದೆ, ಅಗಲಿಕೆಗೆ ಮಾತ್ರ ಅದು ಮದ್ದಲ್ಲ. ಒಬ್ಬರ ಅಂಗದಾನದಿಂದ ಎಂಟು ಜನರವರೆಗೆ ಉಳಿಯಬಹುದು ಎಂಬುದು ಅಂಥ ಎಷ್ಟೋ ಮನೆಗಳನ್ನು ನಿಲ್ಲಿಸಿದೆ. ಮಿದುಳು ಸತ್ತು ಹೃದಯ ಬಡಿಯುತ್ತಿರುವ ಆ ಕೆಲವು ಗಂಟೆಗಳಲ್ಲೇ ಅದಕ್ಕೆ ಒಪ್ಪಿಗೆ ಬೇಕಾಗುವುದರಿಂದ ಮಾತು ಮೊದಲೇ ಆಗಿರಬೇಕು.

ಮಕ್ಕಳಿಗೆ ಹೇಳುವಾಗ ಎರಡನ್ನೂ ಬೆರೆಸಿ ಗೊಂದಲ ಮಾಡಬೇಡಿ. "ಅಜ್ಜಿ ಮಲಗಿದ್ದಾರೆ" ಎಂದರೆ ಐದು ವರ್ಷದ ಮಗು ನಿದ್ದೆಗೇ ಹೆದರುತ್ತದೆ. ದೇಹ ಕೆಲಸ ನಿಲ್ಲಿಸಿತು, ಅದು ಮತ್ತೆ ಶುರುವಾಗುವುದಿಲ್ಲ ಎಂದು ಮೊದಲು ಹೇಳಿ. ಆಮೇಲೆ, "ನಾವು ಹೀಗೆ ನಂಬುತ್ತೇವೆ" ಎಂಬ ಮಾತಿನಿಂದಲೇ ಶುರುಮಾಡಿ ನಿಮ್ಮ ನಂಬಿಕೆಯನ್ನು ಹೇಳಿ.

ಎರಡೂ ಬೇಕೆನ್ನುವವರಿಗೆ, ಅಂದರೆ ಹೆಚ್ಚಿನವರಿಗೆ, ಜಗಳ ಬರುವುದು ಸಿದ್ಧಾಂತದಲ್ಲಲ್ಲ, ಆಸ್ಪತ್ರೆಯ ಪಡಸಾಲೆಯಲ್ಲಿ, ರೋಗಿ ಮಾತಾಡಲಾಗದ ಹೊತ್ತಿನಲ್ಲಿ. ಅದಕ್ಕೆ ಆ ಮೊದಲ ಹಾಳೆಯ ಹಿಂಬದಿಯಲ್ಲಿ ಇನ್ನಷ್ಟು ಬರೆಯಿರಿ. ನನ್ನ ಪರವಾಗಿ ನಿರ್ಧರಿಸುವವರು ಯಾರು, ಒಬ್ಬರೇ. ಗುಣವಾಗುವ ದಾರಿ ಮುಚ್ಚಿದ ಮೇಲೆ ವೆಂಟಿಲೇಟರ್, ಎದೆ ಒತ್ತುವಿಕೆ, ನಳಿಕೆಯ ಆಹಾರ, ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ. ನೋವಿಗೆ ಕೊಡುವ ಔಷಧದಿಂದ ಎಚ್ಚರ ಕಡಿಮೆಯಾದರೆ ಒಪ್ಪಿಗೆಯೇ, ಅಥವಾ ಪ್ರಾರ್ಥನೆಗಾಗಿ ಎಚ್ಚರ ಉಳಿಯಬೇಕೇ. ಹತ್ತಿರ ಯಾರಿರಬೇಕು, ಯಾವ ಮಂತ್ರ, ಯಾವ ವಚನ, ಅಥವಾ ಯಾವುದೂ ಬೇಡವೇ. ಅಂಗದಾನ ಹೌದೋ ಅಲ್ಲವೋ. ದಿನಾಂಕ ಹಾಕಿ, ಸಹಿ ಹಾಕಿ, ನೀವಿರುವ ದೇಶದ ಕಾನೂನು ಕೇಳುವ ಸಾಕ್ಷಿಗಳ ಸಹಿ ಹಾಕಿಸಿ. ಒಂದು ಪ್ರತಿ ನಿರ್ಧರಿಸುವವರ ಬಳಿ, ಒಂದು ವೈದ್ಯರ ಬಳಿ, ಒಂದು ನೀವು ಮಾತು ಕೇಳುವ ಧರ್ಮಗುರುವಿನ ಬಳಿ ಇರಲಿ. ಬೀರುವಿನ ಲಾಕರಿನಲ್ಲಿಟ್ಟರೆ ಅದು ಸಿಗುವುದು ಎಲ್ಲ ಮುಗಿದ ಮೇಲೆ. ಪ್ರತಿ ಬಾರಿ ಆಸ್ಪತ್ರೆಯಿಂದ ಮನೆಗೆ ಬಂದಾಗ ತೆಗೆದು ಓದಿ, ಮನಸ್ಸು ಬದಲಾಗಿದ್ದರೆ ಹಳೆಯ ಪ್ರತಿಗಳನ್ನೆಲ್ಲ ವಾಪಸು ಪಡೆದು ಹರಿದುಹಾಕಿ, ಹೊಸದನ್ನು ಬರೆಯಿರಿ.